ಚಳಿಯ ಮೇಲೆ ಚಾಡಿ

ಡಿಸೆಂಬರಿನಲ್ಲಿ ಪುಣೆಯ ಖಡಕಿಯ ಪಾದರಸ 10 ಡಿಗ್ರಿಯ ಆಸುಪಾಸಿಗಿಳಿದರೆ ಸಾಕು, 1972ರಲ್ಲಿ ಪೇಟೆಗೆ ಬಂದ ಬಜಾಜ್ ಚೇತಕ್ ಸ್ಕೂಟರಿನ ವಂಶಸ್ಥರೆಲ್ಲ ಕಿಕ್ಕಿಗೊಮ್ಮೆ ಕೆಮ್ಮುತ್ತಾರೆ. ಮಾಲೀಕರು ಮಂಗನಟೊಪ್ಪಿಯೊಳಗಿಂದಲೇ ಚಳಿಯನ್ನು ಬೈಯುತ್ತಾರೆ. ಇದು ಶುದ್ಧ ಚಾಡಿ. ತಂಪಿಗೆ ಪೆಟ್ರೋಲ್ ಸರಿಯಾಗಿ ಆವಿಯಾಗದು, ನಿಜ. ಗಾಳಿ ತಗ್ಗಿಸಿ ಪೆಟ್ರೋಲಿನ ಪಾಲು ಹೆಚ್ಚಿಸಲೆಂದೇ ಚೋಕ್ ಇರುವುದು. ಸೊನ್ನೆಗಿಂತ ಎಷ್ಟೋ ಕೆಳಗೂ ಪೆಟ್ರೋಲಿನ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೆ. ಅದರ ಲೆಕ್ಕಕ್ಕೆ ಖಡಕಿಯದು ಸೆಕೆಗಾಲವೇ.

‘ಹಾಗಾದರೆ ಗಾಡಿ ವಾಲಿಸಿದೊಡನೆ ಸ್ಟಾರ್ಟ್ ಆಗುವುದೇಕೆ?’ ಎನ್ನಬಹುದು. ವಾಲಿಸಿದಾಗ ಕಾರ್ಬ್ಯುರೇಟರಿನ ಪೆಟ್ರೋಲ್ ಉಕ್ಕಿ ಒಳಗಿಳಿಯುತ್ತದೆ. ಕೆಟ್ಟ ಚೋಕ್ ಮಾಡಬೇಕಿದ್ದ ಕೆಲಸವದು. ಮೇ ತಿಂಗಳ ಉರಿಬಿಸಿಲಲ್ಲೂ ಇದೇ ಸಾಷ್ಟಾಂಗ ನಡೆಯುತ್ತದಲ್ಲ! ಊರಲ್ಲೇ ಸೇನೆಯ 512 ಆರ್ಮಿ ಬೇಸ್ ವರ್ಕ್‌ಶಾಪ್ ಟ್ಯಾಂಕುಗಳನ್ನೇ ರಿಪೇರಿ ಮಾಡುತ್ತದೆ. ಕೆಟ್ಟ ಚೋಕ್, ಮಸಿ ಹಿಡಿದ ಪ್ಲಗ್ ಬದಲಿಸುವುದಕ್ಕೆ ಮಾತ್ರ ನಮ್ಮವರ ಜೇಬಿಗೆ ನಡುಕ.