ಹೊಗೆಸೊಪ್ಪಿನ ಬೇಲ್ ಸಾಹೇಬರ ಸನ್ನಿಧಾನಕ್ಕೆ

ಗೆ,
ಶ್ರೀಯುತ ಹೊಗೆಸೊಪ್ಪಿನ ಬೇಲ್ ಸಾಹೇಬರು,
ತಂಬಾಕು ಹರಾಜು ಮಾರುಕಟ್ಟೆ, ಕಟ್ಟೆಮಳಲವಾಡಿ, ಹುಣಸೂರು ತಾಲ್ಲೂಕು.

ವಿಷಯ: ತಮ್ಮನ್ನು ಮುರಿದು, ಕಟ್ಟಿ, ಬೇಯಿಸಿ ದೊಡ್ಡವರನ್ನಾಗಿ ಮಾಡಿದ ಕೂಲಿಯಾಳುಗಳಿಗೆ ತಮಗಿರುವ ಸವಲತ್ತಿನಲ್ಲಿ ಕಾಲುಭಾಗವನ್ನಾದರೂ ಕೊಡಿಸುವಂತೆ ಸರ್ಕಾರಕ್ಕೆ ಶಿಫಾರಸು ಮಾಡುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಅರ್ಜಿ ನ್ಯಾಯವಾಗಿ ವಿಧಾನಸೌಧಕ್ಕೆ ಹೋಗಬೇಕಿತ್ತು. ಆದರೆ ಸರ್ಕಾರದ ಕಣ್ಣಿಗೆ ಬೀಳುವ ವಿದ್ಯೆ ಈ ಸೀಮೆಯಲ್ಲಿ ತಮಗೊಬ್ಬರಿಗೇ ಒಲಿದಿರುವುದರಿಂದ ತಮ್ಮ ಮೂಲಕವೇ ಹೋಗಲಿ ಎಂದು ತೀರ್ಮಾನಿಸಿದ್ದೇನೆ. ತಮಗಾಗಿ ಸಂಸತ್ತು 1975ರಲ್ಲೇ ಒಂದು ಕಾಯ್ದೆ ಮಾಡಿತು. ಮರುವರ್ಷ ಜನವರಿ 1ಕ್ಕೆ ತಮ್ಮ ಹೆಸರಿನ ಮಂಡಳಿಯೇ ಅಸ್ತಿತ್ವಕ್ಕೆ ಬಂತು. ಅದರ ಕೇಂದ್ರ ಕಚೇರಿ ಗುಂಟೂರಿನಲ್ಲಿದೆ. ತಮ್ಮನ್ನು ಬೆಳೆಯುವವರು ಹೆಸರು ನೋಂದಾಯಿಸಬೇಕು, ಬೇಯಿಸುವ ಬ್ಯಾರನ್ನಿಗೆ ಲೈಸೆನ್ಸ್ ಬೇಕು, ರಾಜ್ಯದಲ್ಲಿ ಈ ಸಲ ತಾವು ಎಷ್ಟು ಕೋಟಿ ಕಿಲೋ ಅವತರಿಸಬಹುದು ಎಂಬುದನ್ನು ಮಂಡಳಿ ಮೊದಲೇ ಗೊತ್ತುಮಾಡುತ್ತದೆ. ಮಾರುಕಟ್ಟೆಗೆ ಬಂದಿರೋ, ತಮ್ಮ ಮೈಗೆ ಚೀಟಿ ಬೀಳುತ್ತದೆ, ತೂಕವಾಗುತ್ತದೆ, ಗ್ರೇಡ್ ಆಗುತ್ತದೆ, ಯಾರು ಎಷ್ಟಕ್ಕೆ ಕೇಳಿದರು ಎಂಬುದು ದಾಖಲಾಗುತ್ತದೆ, ದುಡ್ಡು ನೇರ ಬ್ಯಾಂಕಿಗೆ ಹೋಗುತ್ತದೆ. ದರ ಬಿದ್ದ ದಿನ ರೈತರು ಹರಾಜು ನಿಲ್ಲಿಸಿ ರಸ್ತೆಗಿಳಿಯುತ್ತಾರೆ, ಶಾಸಕರು ಓಡಿ ಬರುತ್ತಾರೆ, ದೆಹಲಿಗೆ ನಿಯೋಗ ಹೊರಡುತ್ತದೆ. ಲೈಸೆನ್ಸ್ ಇಲ್ಲದೆ, ಲೆಕ್ಕ ಮೀರಿ ಹುಟ್ಟಿದ ತಮ್ಮ ಅನಧಿಕೃತ ಬಂಧುಗಳನ್ನೂ ದಂಡ ಕಟ್ಟಿಸಿಕೊಂಡೋ ಕೆಲವು ಸಲ ದಂಡ ಮನ್ನಾ ಮಾಡಿಯೋ ಕೇಂದ್ರ ಸರ್ಕಾರ ಹರಾಜುಕಟ್ಟೆಗೆ ಸೇರಿಸಿಕೊಳ್ಳುತ್ತ ಬಂದಿದೆ. ಹೆಸರು ಬರೆಸದ ಸೊಪ್ಪಿನ ಮೇಲೆ ಇಷ್ಟು ಕರುಣೆ ಇರುವ ದೇಶದಲ್ಲಿ ಹೆಸರು ಬರೆಸದ ಮನುಷ್ಯನ ಪಾಡನ್ನು ತಾವೇ ಕೇಳಬೇಕು.

ತಮ್ಮ ಚೀಟಿಯಲ್ಲಿ ಬೆಳೆಗಾರರ ಗುರುತಿದೆ, ತೂಕವಿದೆ, ದರವಿದೆ. ತಮ್ಮನ್ನು ಮುಟ್ಟಿದ ಕೈಯ ಗುರುತಿಗೆ ಜಾಗವಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಮುಂಗಾರಿನ ಮೊದಲ ಮಳೆಗೆ ಸಸಿ ನಾಟಿಯಾದದ್ದು ಜುಲೈ ಹೊತ್ತಿಗೆ ಮುರಿಯಲು ಬರುತ್ತದೆ. ಬುಡದ ಎಲೆಯಿಂದ ಶುರುಮಾಡಿ ಹದ ನೋಡಿಕೊಂಡು ಮೇಲೆ ಮೇಲೆ ಮುರಿಯುತ್ತ ಹೋಗಬೇಕು. ಅದು ಮಳೆಗಾಲ. ಒದ್ದೆ ಎಲೆಯ ಹೊರೆಯನ್ನು ಕಂಕುಳಿಗೆ ಅವುಚಿಕೊಂಡು ಸಾಲಿನಿಂದ ಸಾಲಿಗೆ ನಡೆಯುವವರ ಚರ್ಮದೊಳಕ್ಕೆ ತಮ್ಮ ನಿಕೋಟಿನ್ ಇಳಿಯುತ್ತದೆ. ತಲೆ ಸುತ್ತುತ್ತದೆ, ವಾಂತಿಯಾಗುತ್ತದೆ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಹಸಿ ತಂಬಾಕಿನ ಕಾಯಿಲೆ ಎಂಬ ಅರ್ಥದ ಹೆಸರೇ ಇದೆ. ಭಾರತ 2004ರಲ್ಲಿ ಒಪ್ಪಿಕೊಂಡ ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಡಂಬಡಿಕೆಯ 18ನೇ ವಿಧಿ, ತಂಬಾಕು ಬೇಸಾಯದಲ್ಲಿ ತೊಡಗಿದವರ ಆರೋಗ್ಯವನ್ನೂ ಕಾಪಾಡಬೇಕು ಎನ್ನುತ್ತದೆ. ನಾವು ಸೇದುವವನಿಗೆ ಪೊಟ್ಟಣದ ಮೇಲೆ ಚಿತ್ರ ಹಾಕಿ ಎಚ್ಚರಿಸಿದೆವು. ಮುರಿಯುವವಳಿಗೆ ಒಂದು ಜೊತೆ ಕೈಗವಸು ಕೊಡುವುದು ಯಾರ ಹೊಣೆ ಎಂಬುದನ್ನೂ ಬರೆದಿಡಲಿಲ್ಲ. ಮುರಿದ ಮೇಲೆ ಕೋಲಿಗೆ ಕಟ್ಟಬೇಕು, ಬ್ಯಾರನ್ನಿನೊಳಗೆ ಹತ್ತಿ ಅಂತಸ್ತು ಅಂತಸ್ತಾಗಿ ಏರಿಸಬೇಕು, ನಾಲ್ಕೈದು ದಿನ ಹಗಲೂ ರಾತ್ರಿ ಸೌದೆ ತಳ್ಳುತ್ತ ಉರಿ ಕಾಯಬೇಕು. ಇನ್ನು ಪ್ರಯಾಣದ ವಿಚಾರಕ್ಕೆ ಬಂದರೆ ತಾವು ನಕ್ಕೀರಿ. ತಾವು ಮಾರುಕಟ್ಟೆಗೆ ಹೋಗುವುದೂ ಗೂಡ್ಸ್ ಗಾಡಿಯಲ್ಲಿ, ಆಳುಗಳು ಹೊಲಕ್ಕೆ ಹೋಗುವುದೂ ಅದೇ ಗಾಡಿಯಲ್ಲಿ. ಕಾನೂನಿನ ಪ್ರಕಾರ ಆ ಗಾಡಿಯಲ್ಲಿ ಕೂರುವ ಹಕ್ಕು ತಮಗಿದೆ, ಅವರಿಗಿಲ್ಲ. ಗಾಡಿ ಮಗುಚಿದರೆ ಪತ್ರಿಕೆಗಳು ಬರೆಯುವುದು ಆಳುಗಳನ್ನು ಕುರಿಯಂತೆ ತುಂಬಲಾಗಿತ್ತು ಎಂದು. ಕುರಿ ಸಾಗಿಸಲು ನಿಯಮಗಳಿವೆ ಎಂಬುದು ಬೇರೆ ಮಾತು.

ತಮ್ಮ ಋತು ಮುಗಿದ ಮೇಲೆ ಆ ಕೈಗಳು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಗೋದಾಮಿನಲ್ಲಿ ಮಲಗಿದ ತಾವು ಕೇಳಿರಲಿಕ್ಕಿಲ್ಲ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಕೊಡಗಿನಲ್ಲಿ ಕಾಫಿ ಕುಯ್ಲು. ಹನಗೋಡು ಕಡೆಯ ಹಾಡಿಗಳಿಂದ, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಾಡಂಚಿನಿಂದ ಜೇನುಕುರುಬರು, ಬೆಟ್ಟಕುರುಬರು, ಯರವರು ಜೀಪು ಹತ್ತಿ ಲೈನ್ ಮನೆ ಸೇರುತ್ತಾರೆ. ಅವರಲ್ಲಿ ಬಹಳ ಮಂದಿ ನಾಗರಹೊಳೆಯಿಂದ ಎದ್ದುಬಂದವರು ಅಥವಾ ಅಂಥವರ ಮಕ್ಕಳು. ಹೈಕೋರ್ಟ್ ಸೂಚನೆಯಂತೆ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು, ಪುನರ್ವಸತಿ ಸಿಗಬೇಕಾದ 3,418 ಕುಟುಂಬಗಳಿವೆ ಎಂದು ಲೆಕ್ಕ ಹೇಳಿತು. ಕಾಡು ಹುಲಿಗೆ ಹೋಯಿತು, ವರದಿ ಕಪಾಟಿಗೆ ಹೋಯಿತು, ಜನ ಕಾಫಿ ತೋಟಕ್ಕೆ ಹೋದರು. ಈಗ ಕಾನೂನಿನ ಚೋದ್ಯ ನೋಡಿ. ವಲಸೆ ಕಾರ್ಮಿಕರಿಗೆಂದೇ 1979ರಲ್ಲಿ ಕಾಯ್ದೆ ಬಂತು. ಪ್ರಯಾಣ ಭತ್ಯೆ, ಉಳಿಯಲು ಜಾಗ, ಔಷಧ, ಊರು ಬಿಟ್ಟು ಬಂದದ್ದಕ್ಕೆ ತಿಂಗಳ ಕೂಲಿಯ ಅರ್ಧ ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದು, ಎಲ್ಲವೂ ಅದರಲ್ಲಿತ್ತು. ಮುಖ್ಯ ಷರತ್ತು ಎರಡು: ಗುತ್ತಿಗೆದಾರನ ಮೂಲಕ ಹೋಗಿರಬೇಕು, ರಾಜ್ಯದ ಗಡಿ ದಾಟಿರಬೇಕು. ಅದರ ಜಾಗಕ್ಕೆ ಬಂದ 2020ರ ಕಾರ್ಮಿಕ ಸಂಹಿತೆ ತಾನಾಗಿ ಕೆಲಸ ಹುಡುಕಿಕೊಂಡು ಹೋದವರನ್ನೂ ಲೆಕ್ಕಕ್ಕೆ ಸೇರಿಸಿತಾದರೂ ಗಡಿಯ ಗೆರೆಯನ್ನು ಅಳಿಸಲಿಲ್ಲ. ಹೀಗಾಗಿ ಹುಣಸೂರಿನ ಹಾಡಿಯಿಂದ ಹೊರಟವನು ಕುಟ್ಟದ ತೋಟದಲ್ಲಿ ಇಳಿದರೆ ಕಾನೂನಿನ ಕಣ್ಣಿಗೆ ಅವನು ವಲಸೆ ಹೋದವನೇ ಅಲ್ಲ, ಮನೆಯಲ್ಲೇ ಇದ್ದಾನೆ. ಅದೇ ಆಸಾಮಿ ಇನ್ನೊಂದಿಷ್ಟು ದೂರ ನಡೆದು ಕೇರಳದ ತೋಲ್ಪೆಟ್ಟಿಗೆ ಕಾಲಿಟ್ಟರೆ ಆ ಕ್ಷಣಕ್ಕೆ ವಲಸೆ ಕಾರ್ಮಿಕನಾಗುವ ಯೋಗ್ಯತೆ ಬರುತ್ತದೆ. ಮಗುವಿನ ಶಾಲೆ ತಪ್ಪುವುದು, ಮುಂಗಡದ ಸಾಲ ಕತ್ತಿಗೆ ಬೀಳುವುದು, ಜ್ವರ ಬಂದರೆ ಗುರುತಿನವರಿಲ್ಲದಿರುವುದು ಎರಡೂ ಕಡೆ ಒಂದೇ. ಕಾಫಿ ಗಿಡಕ್ಕಂತೂ ಗಡಿ ಗೊತ್ತಿಲ್ಲ.

ಶುಂಠಿಯ ಕಥೆ ಇನ್ನೂ ಸ್ವಾರಸ್ಯದ್ದು. ಕೇರಳದ ಬೆಳೆಗಾರರು ಈ ತಾಲ್ಲೂಕುಗಳಲ್ಲಿ ವರ್ಷಗಳಿಂದ ಹೊಲ ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತ ಬಂದಿದ್ದಾರೆ. ಆದರೆ ಕರ್ನಾಟಕದ ಭೂಸುಧಾರಣಾ ಕಾಯ್ದೆಯ ಪ್ರಕಾರ ಸಾಗುವಳಿ ಜಮೀನನ್ನು ಗುತ್ತಿಗೆ ಕೊಡುವುದಕ್ಕೇ ನಿಷೇಧವಿದೆ, ಸೈನಿಕರಂಥ ಕೆಲವರನ್ನು ಬಿಟ್ಟರೆ. ಆದ್ದರಿಂದ ಗುತ್ತಿಗೆ ಬಾಯಿಮಾತಿನದು; ಪಹಣಿಯಲ್ಲಿ ಇರುವುದು ಜಮೀನಿನ ಯಜಮಾನನ ಹೆಸರು. ಶುಂಠಿ ಕಿತ್ತು ತೊಳೆದು ಮೂಟೆ ಮಾಡುವ ಆಳಿನ ಕಾಲಿನ ಮೇಲೆ ಗುದ್ದಲಿ ಬಿದ್ದರೆ ಮಾಲೀಕ ಯಾರು? ಪಹಣಿಯಲ್ಲಿರುವವನು ಕೆಲಸ ಕೊಟ್ಟಿಲ್ಲ, ಕೆಲಸ ಕೊಟ್ಟವನು ಪಹಣಿಯಲ್ಲಿಲ್ಲ. ಈ ಕಾಯ್ದೆಗೆ 1974ರಲ್ಲಿ ಹಲ್ಲು ಮೂಡಿಸಿದವರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು. ಉಳುವ ಗೇಣಿದಾರನಿಗೆ ಹೊಲ ಸಿಕ್ಕಿತು. ಅದು ಸಣ್ಣ ಕೆಲಸವಲ್ಲ, ಅದನ್ನು ಹಗುರ ಮಾಡುವ ಉದ್ದೇಶ ಈ ಪತ್ರಕ್ಕಿಲ್ಲ. ಜೀತವನ್ನು ಕಾನೂನಿನಿಂದ ಕಿತ್ತುಹಾಕಿದ್ದೂ ಅದೇ ಕಾಲ. ಆದರೆ ಗೇಣಿಯೂ ಇಲ್ಲದೆ ದಿನಗೂಲಿಗೆ ಬರುತ್ತಿದ್ದವನು ಆಗಲೂ ಹೊಲದ ಬದುವಿನ ಮೇಲೇ ನಿಂತಿದ್ದ. ಐವತ್ತು ವರ್ಷವಾಯಿತು, ಬದು ಬದಲಾಗುತ್ತಿದೆ ಅಷ್ಟೆ: ಆಷಾಢದಲ್ಲಿ ತಂಬಾಕಿನ ಬದು, ಪುಷ್ಯದಲ್ಲಿ ಕಾಫಿಯ ಬದು, ನಡುವೆ ಕೆ.ಆರ್. ನಗರದ ಗದ್ದೆಯ ಬದು.

ಬಡವಾ ನೀ ಮಡಗಿದಂಗಿರು ಎಂಬ ಗಾದೆ ನಮ್ಮಲ್ಲಿದೆ. ಅದನ್ನು ಬರಿಯ ಗಾದೆ ಎಂದುಕೊಂಡದ್ದು ನಮ್ಮ ತಪ್ಪು. ಅದು ಸರ್ಕಾರದ ಕಾರ್ಯವಿಧಾನ. ಸವಲತ್ತುಗಳೆಲ್ಲ ಇಟ್ಟ ಕಡೆ ಇರುವವರಿಗೆ. ಪಹಣಿ ಇದ್ದವನಿಗೆ ಬೆಳೆ ಪರಿಹಾರ, ಬ್ಯಾರನ್ ಇದ್ದವನಿಗೆ ಸಾಲ, ಹಾಡಿಯಲ್ಲಿ ಇರುವವರಿಗೆ ಪೌಷ್ಟಿಕ ಆಹಾರದ ಕಿಟ್. ದುಡಿಮೆಗಾಗಿ ಜಾಗ ಬದಲಿಸಿದವನ ಬಾಗಿಲಲ್ಲಿ ಕಿಟ್ ಬಂದ ದಿನ ಬೀಗ ಇರುತ್ತದೆ. ಹಾಗಾದರೆ ಚಲಿಸುವ ದುಡಿಮೆಗೆ ಭದ್ರತೆ ಕೊಡುವುದು ಅಸಾಧ್ಯವೇ? ಇದೇ ರಾಜ್ಯ ಅದನ್ನು ಮಾಡಿ ತೋರಿಸಿದೆ. ಗಾರೆ ಕೆಲಸದವನು ಇವತ್ತು ಮೈಸೂರು, ನಾಳೆ ಬೆಂಗಳೂರು. ಆದರೂ ಕಟ್ಟಡದ ವೆಚ್ಚದ ಮೇಲೆ ಶೇ 1ರ ಸೆಸ್ ಹಾಕಿದ 1996ರ ಕಾಯ್ದೆಯಿಂದ, 2007ರಲ್ಲಿ ಬಂದ ರಾಜ್ಯ ಮಂಡಳಿಯಿಂದ ಅವನಿಗೆ ಅಪಘಾತ ಪರಿಹಾರ, ಹೆರಿಗೆ ನೆರವು, ಮಕ್ಕಳ ವಿದ್ಯಾರ್ಥಿವೇತನ, ಪಿಂಚಣಿಗೆ ಒಂದು ಹುಂಡಿ ಸಿದ್ಧವಾಯಿತು. ಊಟ ತಲುಪಿಸುವ ಹುಡುಗರಿಗಾಗಿ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂತು. ಆ್ಯಪ್ ಕಂಪನಿಗಳು ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕೊಡಬೇಕೆಂದಾಯಿತು. ಊಟ ಬೆಳೆಯುವವರ ಸರದಿ ಊಟ ಒಯ್ಯುವವರ ನಂತರವೂ ಬಂದಿಲ್ಲ. ನನ್ನ ಬೇಡಿಕೆ ಇಷ್ಟೇ: ಭದ್ರತೆಯನ್ನು ಮನುಷ್ಯನ ವಿಳಾಸಕ್ಕೆ ಕಟ್ಟುವುದು ಬಿಟ್ಟು ಅವನ ಕೈಯಿಂದ ಹಾದುಹೋಗುವ ಬೆಳೆಗೆ ಕಟ್ಟಿ. ಬೆಳೆಯ ಲೆಕ್ಕ ಹೇಗೂ ಪಕ್ಕಾ ಇದೆ. ತಂಬಾಕು, ಕಾಫಿ, ಶುಂಠಿ ಖರೀದಿಯಾಗುವಾಗ ಖರೀದಿದಾರನಿಂದ ಒಂದು ಸಣ್ಣ ಶುಲ್ಕ. ಅದರಿಂದ ಋತುಮಾನದ ಕೃಷಿ ಕೂಲಿಗಾರರಿಗೆ ಒಂದು ನಿಧಿ. ಹೊರಡುವ ಪಂಚಾಯ್ತಿಯಲ್ಲಿ ಹೆಸರು, ಇಳಿಯುವ ಪಂಚಾಯ್ತಿಯಲ್ಲಿ ಅದೇ ಹೆಸರಿಗೆ ಮಾನ್ಯತೆ. ತಾವು ಇದಕ್ಕಿಂತ ಹೆಚ್ಚು ಕಾಗದಪತ್ರ ನೋಡಿದ್ದೀರಿ.

ಆಕ್ಷೇಪಣೆಗಳು ಬರುತ್ತವೆ, ಬರಲಿ. ರೈತನೇ ಮುಳುಗುತ್ತಿದ್ದಾನೆ, ಅವನ ಮೇಲೆ ಇನ್ನೊಂದು ಹೊರೆಯೇ ಎಂಬುದು ಮೊದಲನೆಯದು, ಗಟ್ಟಿಯಾದದ್ದೂ ಹೌದು. ಗೊಬ್ಬರ, ಸೌದೆ, ಕೂಲಿ ಎಲ್ಲ ಏರಿ ದರ ಮಾತ್ರ ಹರಾಜುಗಾರನ ಬಾಯಲ್ಲಿರುವಾಗ ಅವನಿಂದ ಕಿತ್ತುಕೊಳ್ಳುವುದು ಅನ್ಯಾಯ. ಅದಕ್ಕೇ ಖರೀದಿದಾರ ಎಂದದ್ದು. ಅವನು ಆ ಶುಲ್ಕವನ್ನು ದರದಲ್ಲಿ ಕತ್ತರಿಸಿ ರೈತನ ತಲೆಗೇ ಕಟ್ಟುತ್ತಾನೆ ಎನ್ನುವುದಾದರೆ, ಆ ಭಯ ಸುಳ್ಳಲ್ಲ; ಆದರೆ ಪ್ರತಿ ಬೇಲಿನ ದರವೂ ದಾಖಲಾಗುವ ಹರಾಜುಕಟ್ಟೆಯಲ್ಲೇ ಅದನ್ನು ಹಿಡಿಯಲಾಗದಿದ್ದರೆ ಮಂಡಳಿ ಐವತ್ತು ವರ್ಷ ಕಲಿತದ್ದೇನು? ಜಿಎಸ್‌ಟಿ ಬಂದ ಮೇಲೆ ರಾಜ್ಯಕ್ಕೆ ಇಂಥ ಅಧಿಕಾರವೇ ಇಲ್ಲ ಎನ್ನುವವರು ಗಿಗ್ ಕಾಯ್ದೆಯ ಕಲ್ಯಾಣ ಶುಲ್ಕ ಯಾವ ದಾರಿಯಲ್ಲಿ ಬಂತೆಂದು ನೋಡಲಿ. ನಕಲಿ ಕಾರ್ಡುಗಳು ಹುಟ್ಟಿಕೊಳ್ಳುತ್ತವೆ ಎಂಬುದೂ ನಿಜ, ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಹುಟ್ಟಿವೆ. ಅನಧಿಕೃತ ಬೇಲುಗಳು ಹುಟ್ಟಿದವೆಂದು ಹರಾಜುಕಟ್ಟೆಯನ್ನು ಯಾರೂ ಮುಚ್ಚಲಿಲ್ಲವಲ್ಲ.

ಇನ್ನೊಂದು ಆಕ್ಷೇಪಣೆ ಪ್ರತಿ ಜಗಲಿಯ ಮೇಲೂ ಕೇಳಿಸುವಂಥದು: ಆಳೇ ಸಿಗ್ತಿಲ್ಲ, ಈಗ ಅವರದೇ ದರ್ಬಾರು, ಅವರಿಗೆಂಥ ನೆರವು ಎಂದು. ಆಳಿಗೆ ಬೇಡಿಕೆ ಇರುವುದು ಕುಯ್ಲಿನ ವಾರಗಳಲ್ಲಿ. ಆಗ ದಿನಗೂಲಿ ಏರುತ್ತದೆ, ಒಳ್ಳೆಯದೇ. ಆದರೆ ಏರಿದ ಕೂಲಿ ಮುರಿದ ಕಾಲನ್ನು ಕೂಡಿಸುವುದಿಲ್ಲ, ಮಳೆಗಾಲದಲ್ಲಿ ತೆಗೆದುಕೊಂಡ ಮುಂಗಡವನ್ನು ತೀರಿಸಿಯೇ ಮುಗಿದುಹೋಗುತ್ತದೆ. ಕೊರತೆ ಇರುವ ವಸ್ತುವನ್ನು ಜೋಪಾನ ಮಾಡುವುದು ವ್ಯಾಪಾರದ ಬುದ್ಧಿ. ನಾವು ಮಾಡಿದ್ದು ತದ್ವಿರುದ್ಧ. ನರೇಗಾ ಬದಲಿಗೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ 125 ದಿನದ ಕೆಲಸ ಕೊಡುತ್ತೇನೆಂದು ಹೇಳಿ, ಬಿತ್ತನೆ ಮತ್ತು ಕುಯ್ಲಿನ ಕಾಲಕ್ಕೆ 60 ದಿನ ಆ ಕೆಲಸವನ್ನೇ ನಿಲ್ಲಿಸುವ ಏರ್ಪಾಡನ್ನೂ ಮಾಡಿದೆ, ಹೊಲಕ್ಕೆ ಆಳು ತಪ್ಪದಿರಲೆಂದು. ಅಂದರೆ ಆ 60 ದಿನ ಆಳು ಎಲ್ಲಿರಬೇಕು ಎಂಬುದನ್ನು ಸರ್ಕಾರ ಬಲ್ಲದು. ಅಲ್ಲಿ ಅವನಿಗೆ ಏನಾಗುತ್ತದೆ ಎಂಬುದು ಮಾತ್ರ ಅದರ ವ್ಯಾಪ್ತಿಗೆ ಬರುವುದಿಲ್ಲ. ಗೃಹಲಕ್ಷ್ಮಿ ಇದೆಯಲ್ಲ, ಅನ್ನಭಾಗ್ಯ ಇದೆಯಲ್ಲ, ಇ-ಶ್ರಮ್ ಕಾರ್ಡು ಕೊಟ್ಟೆವಲ್ಲ ಎನ್ನುವವರಿಗೆ ಉತ್ತರ ಸರಳ. ಮೊದಲೆರಡು ಒಳ್ಳೆಯ ಯೋಜನೆಗಳು, ಅವು ಮನೆಯನ್ನು ನೋಡಿ ಕೊಡುವಂಥವು, ಕೆಲಸವನ್ನು ನೋಡಿ ಅಲ್ಲ. ಮೂರನೆಯದು ಹುಂಡಿಯಿಲ್ಲದ ಬೀಗದ ಕೈ.

ಕಡೆಯ ಆಕ್ಷೇಪಣೆ ತಮಗೇ ಸಂಬಂಧಿಸಿದ್ದು, ಹೇಳಲು ಸಂಕೋಚ. ತಂಬಾಕನ್ನೇ ಒಂದು ದಿನ ನಿಲ್ಲಿಸಬೇಕೆನ್ನುತ್ತಿರುವಾಗ ಅದರ ಆಳುಗಳಿಗೆ ಏಕೆ ನಿಧಿ ಎಂದು ಆರೋಗ್ಯದ ಪರವಾಗಿರುವವರು ಕೇಳುತ್ತಾರೆ. ತಾವು ತೊಲಗಿದರೆ ನನಗೆ ದುಃಖವಿಲ್ಲ, ಕ್ಷಮಿಸಬೇಕು. ಆದರೆ ತಂಬಾಕಿಗೆ ಪರ್ಯಾಯ ಬೆಳೆ ಎಂಬ ಮಾತು ಬಂದಾಗಲೆಲ್ಲ ಅದು ಲೈಸೆನ್ಸ್ ಇದ್ದವನಿಗೆ ಏನು ಕೊಡಬೇಕು ಎಂಬಲ್ಲಿಗೆ ನಿಲ್ಲುತ್ತದೆ. ಬ್ಯಾರನ್ ಮುಚ್ಚಿದ ದಿನ ಮೊದಲು ಬರಿಗೈಯಾಗುವುದು ಬ್ಯಾರನ್ನಿಗೆ ಸೌದೆ ತಳ್ಳುತ್ತಿದ್ದವನು. ನಿಧಿ ಒಂದೇ ಬೆಳೆಗೆ ಅಂಟದೆ ಎಲ್ಲ ಬೆಳೆಯಿಂದಲೂ ತುಂಬಿದರೆ ತಾವು ನಿವೃತ್ತರಾದ ಮೇಲೂ ಅದು ಉಳಿಯುತ್ತದೆ. ಏಕೆಂದರೆ ತಂಬಾಕು, ಕಾಫಿ, ಶುಂಠಿ ಬೇರೆ ಬೇರೆಯಾದರೂ ಕೈಗಳು ಅವೇ.

ಆದ್ದರಿಂದ ತಾವು ಮುಂದಿನ ಹರಾಜಿನಲ್ಲಿ ಅಧಿಕಾರಿಗಳ ಮುಂದೆ ಮೆರೆಯುವಾಗ, ತಮ್ಮ ಚೀಟಿಯಲ್ಲಿ ಒಂದು ಸಾಲು ಖಾಲಿ ಇದೆ ಎಂದು ಸೂಕ್ಷ್ಮವಾಗಿ ಗಮನ ಸೆಳೆಯಬೇಕೆಂದು ಪ್ರಾರ್ಥನೆ.

ಇಂತಿ ತಮ್ಮ ವಿಧೇಯ,
ಗಾವಡಗೆರೆ ಹೋಬಳಿಯ ಒಬ್ಬ ನಿವಾಸಿ

ವಿ.ಸೂ.: ಈ ಪತ್ರದ ಒಂದು ಪ್ರತಿಯನ್ನು ಸಂಬಂಧಪಟ್ಟ ಕೂಲಿಗಾರರಿಗೂ ಅಂಚೆಯಲ್ಲಿ ಕಳಿಸಲು ಲಕೋಟೆ ಸಿದ್ಧಪಡಿಸಿದೆ. ಸೆಪ್ಟೆಂಬರ್‌ನಲ್ಲಾದರೆ ಬ್ಯಾರನ್ನಿನ ಹಿಂಬದಿ, ಜನವರಿಯಲ್ಲಾದರೆ ಯಾವುದೋ ತೋಟದ ಲೈನ್ ಮನೆ. ವಿಳಾಸದ ಜಾಗ ಸದ್ಯಕ್ಕೆ ಹಾಗೇ ಇದೆ.