ದಾರಿ ತಪ್ಪಿಸುವ ಕಾಡು ಬೇಕು: ರೇಂಜರ್ ಬರೆಯುವವರಿಗೊಂದು ಬಹಿರಂಗ ಪತ್ರ

ಪ್ರಿಯ ಗೇಮ್ ಡಿಸೈನರ್ ಮಿತ್ರರೇ,

ಮಂತ್ರದ ಹಂಗಿಲ್ಲದೆ ಕಾಡಿನಲ್ಲಿ ಬದುಕಬಲ್ಲ ಒಂದು ಕ್ಲಾಸ್ ಕಟ್ಟಬೇಕೆಂದು ನಿಮ್ಮಲ್ಲಿ ಹಲವರು ಕೂತಿದ್ದೀರಿ. ನಾನು ಬೆಂಗಳೂರಿನಲ್ಲಿ ಭಾನುವಾರಗಳಂದು ಗೆಳೆಯರ ಜೊತೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವನು. ಹೊಸ ಕಥೆ ಶುರುವಾದಾಗಲೆಲ್ಲ ರೇಂಜರನ್ನೇ ಆರಿಸಿಕೊಳ್ಳುವವನು. ಆ ಪ್ರೀತಿಯಿಂದಲೇ ಈ ಪತ್ರ.

ಒಮ್ಮೆ ನಮ್ಮ ತಂಡ ದಟ್ಟ ಕಾಡು ದಾಟಿ ಒಂದು ಕೋಟೆ ಸೇರಬೇಕಿತ್ತು. ಮೂರು ದಿನದ ನಡಿಗೆ. ಎಷ್ಟೋ ವಾರಗಳಿಂದ ನಾನು ಕಾದಿದ್ದ ಗಳಿಗೆ. ಡಂಜನ್ ಮಾಸ್ಟರ್ ನನ್ನ ಹಾಳೆಯ ಮೇಲೆ ಕಣ್ಣಾಡಿಸಿ, "ನಿನ್ನ ಮೆಚ್ಚಿನ ನೆಲ ಕಾಡೇ ಅಲ್ವೇನೋ? ಹಾಗಾದ್ರೆ ದಾರಿ ತಪ್ಪಲ್ಲ, ಊಟಕ್ಕೂ ತೊಂದ್ರೆ ಇಲ್ಲ. ಮೂರನೇ ದಿನ ಸಂಜೆ ಕೋಟೆ ಕಾಣಿಸ್ತು" ಅಂದ. ಅಲ್ಲಿಗೆ ಕಾಡು ಮುಗಿಯಿತು. ಅವನ ತಪ್ಪೇನೂ ಇರಲಿಲ್ಲ. 2014ರ ಐದನೇ ಆವೃತ್ತಿಯ ನಿಯಮ ಇರುವುದೇ ಹಾಗೆ: ಮೆಚ್ಚಿನ ನೆಲದಲ್ಲಿ ರೇಂಜರ್ ಜೊತೆಗಿದ್ದರೆ ಮಾಟದ ಹೊರತು ಯಾವುದೂ ತಂಡದ ದಾರಿ ತಪ್ಪಿಸಲಾರದು, ಆಹಾರ ಹುಡುಕಲು ಹೊರಟರೆ ಎರಡು ಪಟ್ಟು ಸಿಗುತ್ತದೆ.

ಆಟ ಹುಟ್ಟಿದಾಗ ಹೀಗಿರಲಿಲ್ಲ. 1974ರ ಮೊದಲ ಪುಸ್ತಿಕೆಗಳು ಬಯಲು ಪಯಣಕ್ಕೆ 'ಔಟ್‌ಡೋರ್ ಸರ್ವೈವಲ್' ಎಂಬ ಬೇರೊಂದು ಆಟದ ಹಲಗೆಯನ್ನು ಬಳಸಲು ಹೇಳಿದ್ದವು. ಅವಲಾನ್ ಹಿಲ್ 1972ರಲ್ಲಿ ತಂದ ಆ ಆಟದಲ್ಲಿ ಹಸಿವು, ಬಾಯಾರಿಕೆ, ದಿಕ್ಕು ತಪ್ಪುವುದು, ಇವೇ ಎದುರಾಳಿಗಳು. 1975ರಲ್ಲಿ 'ದಿ ಸ್ಟ್ರಾಟೆಜಿಕ್ ರಿವ್ಯೂ' ಪತ್ರಿಕೆಯಲ್ಲಿ ಜೋ ಫಿಷರ್ ಬರೆದ ರೇಂಜರ್ ಬಂದ. ಟಾಲ್ಕಿನ್ ಅವರ ಅರಗಾರ್ನ್‌ನ ನೆರಳು ಅವನ ಮೇಲೆ ಸ್ಪಷ್ಟವಾಗಿತ್ತು. 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಅವನಿಗೆ ಮಂತ್ರ ಸಿಗುವುದು 8ನೇ ಲೆವೆಲ್‌ಗೆ. 2008ರ ನಾಲ್ಕನೇ ಆವೃತ್ತಿ ಮಂತ್ರ ಕಿತ್ತುಕೊಂಡಿತು, 2014ರಲ್ಲಿ 2ನೇ ಲೆವೆಲ್‌ಗೇ ಮರಳಿ ಬಂತು, 2024ರಲ್ಲಿ ಮೊದಲ ಲೆವೆಲ್‌ನಿಂದಲೇ ಶುರುವಾಯಿತು. ಇತ್ತ 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿಯ ರೇಂಜರ್ ಮಂತ್ರವಿಲ್ಲದೆಯೇ ಹೊರಟ. ಅಂದರೆ ಮಂತ್ರ ತೆಗೆಯುವುದು ಕಷ್ಟದ ಕೆಲಸವಲ್ಲ. ತೆಗೆದ ಜಾಗದಲ್ಲಿ ಏನು ನೆಡುತ್ತೀರಿ ಎನ್ನುವುದೇ ಮುಖ್ಯ.

'ಗುಡ್‌ಬೆರಿ' ಎಂಬ ಸಣ್ಣ ಮಂತ್ರ ಹತ್ತು ಹಣ್ಣು ಕೊಡುತ್ತದೆ. ಒಂದೊಂದು ಹಣ್ಣೂ ಒಬ್ಬರಿಗೆ ಒಂದು ದಿನದ ಊಟ. ಇಂಥ ಮಂತ್ರಗಳೇ ಕಾಡನ್ನು ಕೊಂದವು ಎಂದು ನೀವು ದೂರುತ್ತೀರಿ, ನಾನೂ ಒಪ್ಪುತ್ತೇನೆ. ಆದರೆ 'ದಾರಿ ತಪ್ಪುವುದಿಲ್ಲ' ಎಂಬ ಸಾಲು ಮಂತ್ರವಿಲ್ಲದೆಯೇ ಅದೇ ಕೆಲಸ ಮಾಡುತ್ತದಲ್ಲ! ಕಷ್ಟವನ್ನೇ ಅಳಿಸಿದ ಮೇಲೆ ಕಷ್ಟ ಬಲ್ಲವನಿಗೆ ಕೆಲಸವೆಲ್ಲಿ?

ಅದೇ ನಿಯಮದ ಇನ್ನೊಂದು ಸಾಲು ನೋಡಿ. ರೇಂಜರ್ ಜಾಡು ಹಿಡಿದಾಗ ಹೋದವರು ಎಷ್ಟು ಮಂದಿ, ಎಷ್ಟು ಗಾತ್ರದವರು, ಹೋಗಿ ಎಷ್ಟು ಹೊತ್ತಾಯಿತು ಎಂಬುದು ಅವನಿಗೆ ತಿಳಿಯುತ್ತದೆ. ಆ ಉತ್ತರ ಸಿಕ್ಕ ಕೂಡಲೇ ಮೇಜಿನ ಸುತ್ತ ಮಾತು ಏಳುತ್ತದೆ: ಬೆನ್ನಟ್ಟೋಣವೇ, ಬಳಸಿ ಹೋಗೋಣವೇ, ಇಲ್ಲೇ ಅಡಗಿ ಕೂರೋಣವೇ? ನಿಮ್ಮ ಕ್ಲಾಸ್ ಈ ಸಾಲಿನಿಂದ ಬೆಳೆಯಲಿ.

ಬಂಡೀಪುರ, ನಾಗರಹೊಳೆಯ ಅರಣ್ಯ ವಾಚರ್‌ಗಳು ಕಾಡನ್ನು ಓದುವುದು ಹೀಗೇ. ಹುಲಿ ಹೆಜ್ಜೆಯೊಳಗೆ ಇಬ್ಬನಿ ಕದಡದೆ ಕೂತಿದ್ದರೆ ಅದು ರಾತ್ರಿಯೇ ದಾಟಿದೆ. ಜೀಪಿನ ಗಾಲಿ ಗುರುತಿನ ಮೇಲೆ ಹೆಜ್ಜೆ ಮೂಡಿದ್ದರೆ ಗಾಡಿ ಹೋದ ನಂತರ ಬಂದಿದೆ. ಆನೆ ಲದ್ದಿ ಇನ್ನೂ ಬೆಚ್ಚಗಿದ್ದರೆ ಮುಂದಿನ ತಿರುವಿನಲ್ಲಿ ನಿಲ್ಲಬೇಕು. ಮರದ ಮೇಲಿನ ಮುಸುವ ಎಚ್ಚರಿಕೆಯ ಕೂಗು ಹಾಕಿದರೆ, ಅದು ನೋಡುತ್ತಿರುವ ದಿಕ್ಕಿಗೆ ನಾವೂ ನೋಡಬೇಕು. ಜೇನುಕುರುಬರು, ಸೋಲಿಗರು ತಲೆಮಾರುಗಳಿಂದ ಹೀಗೆ ಗಮನಿಸಿ, ನೆನಪಿಟ್ಟು, ಮಕ್ಕಳಿಗೆ ಕಲಿಸಿದ ವಿದ್ಯೆ ಇದು. ಇದನ್ನು ಮಾಟವೆಂದರೆ ಆ ಕಲಿಕೆಗೆ ಅಪಚಾರ. ಮಂತ್ರವಿಲ್ಲದ ಕ್ಲಾಸ್ ಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಹಾಗಾದರೆ ನಿಯಮ ಹೇಗಿರಲಿ? ಜಾಡು ಕಂಡಾಗ ಆಟಗಾರ ಪ್ರಶ್ನೆ ಕೇಳಲಿ: ಎಷ್ಟು ಮಂದಿ, ಯಾವಾಗ, ಹೊರೆ ಹೊತ್ತಿದ್ದರೇ, ಹೆದರಿ ಓಡಿದರೇ, ಅವರ ಹಿಂದೆ ಇನ್ಯಾರಾದರೂ ಹೋದರೇ? ಉತ್ತರ ಯಾವಾಗಲೂ ನಿಜವೇ ಆಗಿರಲಿ. ದಾಳ ಕೈಕೊಟ್ಟರೆ ಉತ್ತರ ಸುಳ್ಳಾಗುವುದು ಬೇಡ, ಹೊತ್ತು ಖರ್ಚಾಗಲಿ. ಹೊತ್ತಿಗೆ ಬೆಲೆ ಬರಬೇಕಾದರೆ ದಿನವನ್ನು ಪಾಲು ಮಾಡಬೇಕು. 'ಫರ್ಬಿಡನ್ ಲ್ಯಾಂಡ್ಸ್' ಆಟ ದಿನವನ್ನು ಆರಾರು ಗಂಟೆಯ ನಾಲ್ಕು ಭಾಗ ಮಾಡಿ, ನಡೆಯುವುದು, ಬೇಟೆ, ಕಾವಲು, ಬಿಡಾರ ಎಂದು ಕೆಲಸ ಹಂಚುತ್ತದೆ. ಅದರಿಂದ ಕಲಿಯಿರಿ. ಮೆಚ್ಚಿನ ನೆಲವನ್ನು ಮೊದಲ ದಿನವೇ ಪಟ್ಟಿಯಿಂದ ಆರಿಸುವ ಪದ್ಧತಿ ಬಿಡಿ. ಕಾಡು ಆರಿಸಿದವನ ಕಥೆ ಮರುಭೂಮಿಗೆ ಹೊರಳಿದರೆ ಆ ಶಕ್ತಿ ಬರೀ ಹಾಳೆಯಲ್ಲೇ ಉಳಿಯುತ್ತದೆ. ಎಲ್ಲಿ ಮೂರು ರಾತ್ರಿ ಕಳೆದನೋ, ಯಾರ ಕೈಯಲ್ಲಿ ಕಲಿತನೋ, ಆ ನೆಲ ಅವನದಾಗಲಿ.

ಲೆವೆಲ್ ಏರಿದ ಮೇಲೆ ಮಾಂತ್ರಿಕ ಕ್ಷಣದಲ್ಲಿ ಊರೂರು ಹಾರುವಾಗ ಕಾಲ್ನಡಿಗೆಯವನಿಗೆ ಏನು ಉಳಿಯುತ್ತದೆ ಎಂದು ಕೇಳುತ್ತೀರಿ. ಐದನೇ ಆವೃತ್ತಿಯ 'ಟೆಲಿಪೋರ್ಟ್' ಮಂತ್ರವನ್ನೇ ಬಿಡಿಸಿ ಓದಿ. ಕಾಣದ ಜಾಗಕ್ಕೆ ಹಾರಿದರೆ ಎಲ್ಲೋ ಬೀಳುವ ಅಪಾಯವಿದೆ. ಕಳೆದ ಆರು ತಿಂಗಳೊಳಗೆ ಆ ಜಾಗದಿಂದ ತಂದ ಒಂದು ವಸ್ತು ಕೈಯಲ್ಲಿದ್ದರೆ ಗುರಿ ತಪ್ಪುವುದಿಲ್ಲ. ಆ ವಸ್ತುವನ್ನು ತರುವವರು ಯಾರು? ಮೊದಲು ಯಾರಾದರೂ ನಡೆದೇ ಹೋಗಿ ಬರಬೇಕಲ್ಲ! ಈ ಮಂತ್ರ ಬಲ್ಲ 13ನೇ ಲೆವೆಲ್‌ನ ಮಾಂತ್ರಿಕನಿಗೂ ರೇಂಜರ್ ಬೇಕು. ರೇಂಜರ್‌ನ ಮೇಲ್ಮಟ್ಟದ ಶಕ್ತಿಗಳನ್ನು ಅಲ್ಲಿ ಹುಡುಕಿ: ಯಾರೂ ಕಾಲಿಡದ ಕಡೆ ಹೋಗಿ, ಜೀವಂತ ಮರಳಿ, ಕಂಡದ್ದನ್ನು ಹೇಳುವುದರಲ್ಲಿ.

ಬರೆದು ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ನಿಮ್ಮ ಕ್ಲಾಸ್ ಇಟ್ಟುಕೊಂಡು ಮೂರು ದಿನದ ಕಾಡುದಾರಿ ಆಡಿಸಿ. ಆಟ ಮುಗಿದಾಗ ಎಲ್ಲರ ಮುಂದೆ ಬಿಳಿ ಹಾಳೆ ಇಟ್ಟು, ನಡೆದು ಬಂದ ಕಾಡಿನ ನಕ್ಷೆ ಬರೆಯಲು ಹೇಳಿ. ಅವತ್ತು ನನಗೆ ಹಾಗೆ ಹೇಳಿದ್ದರೆ ಕೋಟೆಯೊಂದನ್ನು ಬಿಟ್ಟು ಬೇರೇನೂ ಬರೆಯಲು ಆಗುತ್ತಿರಲಿಲ್ಲ. ನಿಮ್ಮ ಆಟಗಾರರು ದಾರಿ ತಪ್ಪಿದ ಹಳ್ಳವನ್ನೂ, ತಿರುಗಿ ಬಂದ ಬಂಡೆಯನ್ನೂ ಗುರುತು ಹಾಕಿದರೆ, ಆ ಹಾಳೆಯನ್ನು ಜೋಪಾನವಾಗಿ ಎತ್ತಿಡಿ.

ಇಂತಿ ನಿಮ್ಮ,
ರೇಂಜರ್ ಹಾಳೆ ಕೆಳಗಿಡದ ಒಬ್ಬ ಆಟಗಾರ