ಡ್ರೈವ್‌ವೇಯಲ್ಲಿ ಪತ್ರೊಡೆ

ಡ್ರೈವ್‌ವೇ ಎಂದರೆ ಕಾರು ನಿಲ್ಲಿಸುವ ಜಾಗ ಎಂದುಕೊಂಡವರು ಎಡಿಸನ್‌ನಲ್ಲೇ ಇರಬೇಕು. ಅಲ್ಲಿ ಎರಡು ಕಾರು ನಿಂತರೆ ಡ್ರೈವ್‌ವೇ ಮುಗಿಯಿತು; ಮೂರನೆಯ ಕಾರಿನಲ್ಲಿ ಬಂದ ನೆಂಟರು ಬೀದಿಯಲ್ಲಿ ಜಾಗ ಹುಡುಕಿಕೊಳ್ಳಬೇಕು. ನ್ಯೂಜೆರ್ಸಿಯ ಪಶ್ಚಿಮಕ್ಕೆ, ಹಂಟರ್ಡನ್ ಕೌಂಟಿಯ ಹಳ್ಳಿಗಾಡಿಗೆ ಬಂದರೆ ಲೆಕ್ಕವೇ ಬೇರೆ. ಇಲ್ಲಿ ರಸ್ತೆಗೆ ಮನೆ ಕಾಣಿಸಬಾರದು, ಕಾಣಿಸಿದರೆ ಮರ್ಯಾದೆ ಕಡಿಮೆ. ಟಪಾಲು ಡಬ್ಬಿ ರಸ್ತೆಯಂಚಿನಲ್ಲಿ, ಮನೆ ಎಲ್ಲೋ ಓಕ್ ಮರಗಳ ಹಿಂದೆ, ನಡುವೆ ಜಲ್ಲಿ ಹಾಸಿದ ಉದ್ದನೆಯ ದಾರಿ. ವಾರಕ್ಕೊಮ್ಮೆ ಕಸದ ಡಬ್ಬಿಯನ್ನು ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಹೋಗುವುದೇ ನಮ್ಮವರ ವ್ಯಾಯಾಮ.

ಅಷ್ಟುದ್ದ ದಾರಿಯ ಎರಡು ಬದಿ ಬೋಳಾಗಿದ್ದರೆ ಊರವರು ಏನೆಂದುಕೊಂಡಾರು? ಇಲ್ಲಿಯ ಊರವರು ಏನೂ ಅಂದುಕೊಳ್ಳುವುದಿಲ್ಲ, ಗಂಟೆಗೆ 40 ಮೈಲಿ ವೇಗದಲ್ಲಿ ಹೋಗಿಬಿಡುತ್ತಾರೆ. ಆದರೂ ನಮ್ಮವರಿಗೆ ಆ ಚಿಂತೆ ಹತ್ತಿತು. ಅವರು ಹುಟ್ಟಿದ್ದು ತೀರ್ಥಹಳ್ಳಿ ಕಡೆಯಾದರೂ ಓದಿದ್ದು ಬೆಂಗಳೂರಿನಲ್ಲಿ, ಸಂಜೆ ತಿರುಗಿದ್ದು ಲಾಲ್‌ಬಾಗಿನಲ್ಲಿ. ಹಾಗಾಗಿ ಅವರ ಆರಾಧ್ಯದೈವ ಕ್ರುಂಬಿಗಲ್. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿ, ಬರೋಡೆಯ ಅರಸರ ಸೇವೆ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಪುಣ್ಯಾತ್ಮ. ಒಂದು ಬೀದಿಯ ಮರ ಹೂ ಉದುರಿಸುವಷ್ಟರಲ್ಲಿ ಇನ್ನೊಂದು ಬೀದಿಯ ಮರ ಅರಳಬೇಕು, ಬೆಂಗಳೂರಿಗೆ ವರ್ಷದ ಯಾವ ತಿಂಗಳೂ ಹೂವಿಲ್ಲದೆ ಹೋಗಬಾರದು ಎಂದು ಹಟ ಹಿಡಿದವರು ಅವರು. ನಮ್ಮವರು ಅದೇ ಸಿದ್ಧಾಂತವನ್ನು ಎಕ್ಸೆಲ್ ಶೀಟಿಗೆ ಇಳಿಸಿದರು. ಎಡಕ್ಕೆ ಗಿಡದ ಹೆಸರು, ಮೇಲೆ ತಿಂಗಳು, ನಡುವೆ ಬಣ್ಣ. ಆಫೀಸಿನ ಯಾವ ಪ್ರಾಜೆಕ್ಟಿಗೂ ಅಷ್ಟು ಚೆಂದದ ಶೀಟು ಮಾಡಿದ್ದನ್ನು ನಾನು ಕಂಡಿಲ್ಲ.

ಕ್ರುಂಬಿಗಲ್‌ಗೆ ಇಲ್ಲದ ಒಂದು ತೊಂದರೆ ನಮಗಿತ್ತು: ಜಿಂಕೆ. ಊರಲ್ಲಿ ಜಿಂಕೆ ನೋಡಲು ನಾಗರಹೊಳೆಗೆ ಹೋಗಿ, ಜೀಪಿಗೆ ದುಡ್ಡು ಕೊಟ್ಟು, ಉಸಿರು ಬಿಗಿಹಿಡಿದು ಕೂರಬೇಕು. ಇಲ್ಲಿ ಅದು ಸಂಸಾರ ಸಮೇತ ಬಂದು, ಹೋಸ್ಟಾ ಗಿಡವನ್ನು ಬುಡದವರೆಗೆ ತಿಂದು, ಕಾರಿನ ದೀಪದ ಬೆಳಕಿಗೆ ತಲೆಯೆತ್ತಿ 'ಏನೀಗ?' ಎಂದು ನೋಡುತ್ತದೆ. ನಮ್ಮ ರಾಜ್ಯದ ರಟ್ಗರ್ಸ್ ವಿಶ್ವವಿದ್ಯಾಲಯದವರು ಪಾಪ, ಜಿಂಕೆ ಯಾವ ಗಿಡವನ್ನು ಎಷ್ಟು ತಿನ್ನುತ್ತದೆ ಎಂದು ಪಟ್ಟಿ ಮಾಡಿದ್ದಾರೆ. ನಾಲ್ಕು ದರ್ಜೆ: ಅಪರೂಪಕ್ಕೆ ಹಾನಿ, ವಿರಳವಾಗಿ ದೊಡ್ಡ ಹಾನಿ, ಆಗಾಗ ದೊಡ್ಡ ಹಾನಿ, ಮೇಲಿಂದ ಮೇಲೆ ದೊಡ್ಡ ಹಾನಿ. 'ತಿನ್ನುವುದೇ ಇಲ್ಲ' ಎಂಬ ದರ್ಜೆ ಇಲ್ಲ. ವಿದ್ವಾಂಸರ ಈ ಪ್ರಾಮಾಣಿಕತೆ ನನಗೆ ಹಿಡಿಸಿತು.

ಡ್ಯಾಫೋಡಿಲ್ ಆ ಪಟ್ಟಿಯ ಮೊದಲ ದರ್ಜೆಯಲ್ಲಿದೆ, ಕಾರಣ ಅದು ವಿಷ. ಅಕ್ಟೋಬರ್-ನವೆಂಬರಿನಲ್ಲಿ ಆರಿಂಚು ಆಳಕ್ಕೆ ಗಡ್ಡೆ ಹೂತು ಮರೆತುಬಿಡಬೇಕು. ನೋಡಲು ಥೇಟ್ ಈರುಳ್ಳಿ. ಗ್ಯಾರೇಜಿನಲ್ಲಿ ನನ್ನ ಈರುಳ್ಳಿ ಚೀಲದ ಪಕ್ಕದಲ್ಲೇ ಇವರು ಅದನ್ನು ಇಟ್ಟಿದ್ದನ್ನು ಕಂಡು ನಾನು ಎಬ್ಬಿಸಿದ ಗಲಾಟೆಯನ್ನು ಜಿಂಕೆಗಳೂ ಕೇಳಿಸಿಕೊಂಡಿರಬೇಕು. ಚಳಿಗಾಲವಿಡೀ ನೆಲದೊಳಗೆ ತಣ್ಣಗೆ ಮಲಗಿದರೆ ಮಾತ್ರ ಆ ಗಡ್ಡೆ ಹೂ ಬಿಡುವುದು. ಏಪ್ರಿಲ್ ಬಂತೆಂದರೆ ದಾರಿಯ ಎರಡೂ ಬದಿ ಹಳದಿ, ಮೇಲೆ ಫೋರ್ಸಿಥಿಯಾ ಪೊದೆಯ ಇನ್ನೊಂದು ಹಳದಿ. ಯುಗಾದಿಗೆ ಮಾವಿನೆಲೆಯ ಪೊಟ್ಟಣ ತರಲು ಎಡಿಸನ್‌ಗೆ ಹೋಗಿಬರಬೇಕು ನಿಜ, ಆದರೆ ಬಾಗಿಲಿಗೆ ಹೂವಿನ ಬರವಿಲ್ಲ. ಮೇ ತಿಂಗಳಿಗೆ ಲೈಲಾಕ್, ಮೇ ಕೊನೆಗೆ ಪಿಯೋನಿ. ಪಿಯೋನಿಯ ವಿಷಯ ಮಾತ್ರ ಹೇಳಬಾರದು. ವರ್ಷವಿಡೀ ತಯಾರಿ ನಡೆಸಿ ಅರಳುತ್ತದೆ, ಮರುದಿನ ಒಂದು ಮಳೆ ಬಂದರೆ ಸಾಕು, ಮುಖ ಮಣ್ಣಿಗೆ ಹಾಕಿ ಮಲಗುತ್ತದೆ.

ಆ ವರ್ಷ ಪಿಯೋನಿ ಮಲಗಿದ ವಾರವೇ ಅತ್ತೆ-ಮಾವ ಬಂದಿಳಿದರು.

ಮಾವ ಅಡಿಕೆ ತೋಟದವರು. ಕಾರು ಜಲ್ಲಿಯ ಮೇಲೆ ಸದ್ದು ಮಾಡುತ್ತ ಒಳಗೆ ಬರುವಾಗಲೇ ಕಿಟಕಿ ಇಳಿಸಿ ಮಣ್ಣು ನೋಡಿದರು. ನಮ್ಮ ಕಡೆಯ ಮಣ್ಣು ಕೆಂಪು ಜೇಡಿಗಲ್ಲು ಪುಡಿಯಾಗಿ ಆದದ್ದು, ಬಣ್ಣವೇನೋ ಊರಿನದೇ. ಅವರ ಮುಖ ಅರಳಿತು. ದಾರಿಯುದ್ದಕ್ಕೂ ಇದ್ದ ಗಿಡಗಳನ್ನು ಒಂದೊಂದಾಗಿ ಕೇಳುತ್ತ ಬಂದರು. "ಇದು ಎಂತದು?" "ಲೈಲಾಕ್, ಅಪ್ಪಯ್ಯ." "ತಿಂತಾರಾ?" "ಇಲ್ಲ." "ಇದು?" "ಪಿಯೋನಿ." "ತಿಂತಾರಾ?" "ಇಲ್ಲ." ಗ್ಯಾರೇಜು ಮುಟ್ಟುವಷ್ಟರಲ್ಲಿ ಮಾವ ಮೌನವಾಗಿದ್ದರು. ಇಳಿದು ಸೊಂಟ ನೆಟ್ಟಗೆ ಮಾಡಿಕೊಂಡು, "ಅಲ್ಲ ಮಾರಾಯ, ಇಷ್ಟು ಜಾಗದಲ್ಲಿ ಒಂದು ಸಾರಿಗಾಗುವಷ್ಟೂ ಇಲ್ವಲ್ಲ!" ಎಂದರು.

ಅಡಿಕೆಯ ಪ್ರಸ್ತಾಪ ಮರುದಿನವೇ ಬಂತು. ಇವರು ಕೃಷಿ ಇಲಾಖೆಯ ನಕ್ಷೆ ತೆರೆದು ತೋರಿಸಿದರು. ಅಮೆರಿಕವನ್ನು ಚಳಿಯ ಲೆಕ್ಕದಲ್ಲಿ 13 ವಲಯಗಳಾಗಿ ಹಂಚಿದ ನಕ್ಷೆ ಅದು, 2023ರಲ್ಲಿ ಹೊಸದಾಗಿ ತಿದ್ದಿದ್ದು. ನಮ್ಮ ಆಸುಪಾಸಿನಲ್ಲಿ ವರ್ಷದ ಅತಿ ಚಳಿಯ ರಾತ್ರಿ ಮೈನಸ್ 18, ಮೈನಸ್ 20 ಡಿಗ್ರಿ ಆದರೂ ಆಶ್ಚರ್ಯವಿಲ್ಲ. ಬೆಂಗಳೂರು ತನ್ನ ದಾಖಲೆಯ ಚಳಿ ಎಂದು ಇಂದಿಗೂ ಹೇಳಿಕೊಳ್ಳುವುದು 1884ರ ಜನವರಿಯ 7.8 ಡಿಗ್ರಿಯನ್ನು. ಮಾವ ಎಲ್ಲವನ್ನೂ ಕೇಳಿಸಿಕೊಂಡರು.

"ಅಷ್ಟು ಚಳಿಯಲ್ಲಿ ನೀವು ಹ್ಯಾಗೆ ಬದುಕಿದ್ದೀರಿ?"

"ಹೀಟರ್ ಇದೆ ಅಪ್ಪಯ್ಯ."

"ಹಾಗಾದ್ರೆ ಅಡಿಕೆಗೂ ಒಂದು ಹಾಕು."

ಈ ಮಾತುಕತೆ ನಡೆಯುವಾಗಲೇ ಲಾರಿ ಬಂದು ಡ್ರೈವ್‌ವೇ ನಡುವೆ ಮಲ್ಚ್ ಸುರಿದು ಹೋಯಿತು. ಮಲ್ಚ್ ಎಂದರೆ ಮರದ ತೊಗಟೆ-ಚಕ್ಕೆಗಳ ಪುಡಿ. ಮೂರಿಂಚು ದಪ್ಪಕ್ಕೆ ಗಿಡಗಳ ಬುಡದಲ್ಲಿ ಹರಡಿದರೆ ಕಳೆ ಏಳುವುದಿಲ್ಲ, ತೇವ ಆರುವುದಿಲ್ಲ. ಇದರ ಲಾಭ ಮಾವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸೊಪ್ಪಿನಬೆಟ್ಟದಿಂದ ಸೊಪ್ಪು, ದರಗು ಹೊರಿಸಿ ತೋಟಕ್ಕೆ ಹಾಸುವುದರಲ್ಲೇ ಅವರ ಆಯುಷ್ಯ ಕಳೆದಿದೆ. ಅವರನ್ನು ಕಂಗೆಡಿಸಿದ್ದು ಅದರ ಬಿಲ್ಲು. ಹಿಂದಿನ ಅಕ್ಟೋಬರಿನಲ್ಲಿ ಓಕ್ ಮರದ ಎಲೆಗಳನ್ನೆಲ್ಲ ಬಾಚಿ, ದೊಡ್ಡ ಕಾಗದದ ಚೀಲಗಳಲ್ಲಿ ತುಂಬಿ, ಒಯ್ಯಲು ಬೇರೆಯವರಿಗೆ ದುಡ್ಡು ಕೊಟ್ಟೆವೆಂದು ಮಗಳು ಬಾಯಿಬಿಟ್ಟದ್ದು ಅದೇ ಹೊತ್ತಿಗೆ. ಮಾವ ಲೆಕ್ಕ ಹಾಕಿದರು: ಎಲೆ ಕೊಡಲು ದುಡ್ಡು, ಹೊಟ್ಟು ತರಲು ದುಡ್ಡು. "ಈ ದೇಶ ಮುಂದೆ ಬಂದದ್ದು ಹ್ಯಾಗೆ ಅಂತ ಈಗ ಗೊತ್ತಾಯ್ತು" ಎಂದು ಟೀ ಕೇಳಿದರು. ಅತ್ತೆ ತಂದುಕೊಟ್ಟರು. ಆಗಲೇ ಅದು ಆ ಬೆಳಗಿನ ಎರಡನೆಯ ಟೀ.

ಅತ್ತೆಯ ಶೋಧನೆ ಬೇರೆ ದಿಕ್ಕಿನಲ್ಲಿ ಸಾಗಿತ್ತು. ಜಲ್ಲಿಯ ಸಂದಿನಲ್ಲಿ ನೆಲಕ್ಕಂಟಿ ಹಬ್ಬುವ ಒಂದು ಕಳೆಯ ಮೇಲೆ ನಮ್ಮವರಿಗೆ ಮೂರು ಬೇಸಿಗೆಗಳ ದ್ವೇಷ. ಅದಕ್ಕೆಂದೇ ಔಷಧಿ ತಂದಿಟ್ಟಿದ್ದರು, ದೇವರ ದಯೆ, ಹೊಡೆದಿರಲಿಲ್ಲ. ಅತ್ತೆ ಬಗ್ಗಿ ಒಂದು ಕುಡಿ ಚಿವುಟಿ, "ಗೋಣಿ ಸೊಪ್ಪಲ್ವೇನೇ ಇದು!" ಎಂದರು. ಅಂದು ಮಧ್ಯಾಹ್ನ ಹುಳಿಗೆ ಬಿದ್ದದ್ದು ಅದೇ. ಬೇಲಿ ಪಕ್ಕದಲ್ಲಿ ಚಕ್ಕೋತ ಸೊಪ್ಪೂ ಸಿಕ್ಕಿತು. ನಾವು ಇಷ್ಟು ವರ್ಷ ಕಿತ್ತೆಸೆದದ್ದೇ ಊಟ, ಸಾಕಿ ಬೆಳೆಸಿದ್ದೆಲ್ಲ ವಿಷ ಎಂದು ಅನ್ನಕ್ಕೆ ಕಲಸಿಕೊಳ್ಳುತ್ತ ನಮ್ಮವರೂ ಒಪ್ಪಿಕೊಂಡರು.

ಜುಲೈಯಲ್ಲಿ ನಡೆದದ್ದು ಪತ್ರೊಡೆ ಪ್ರಕರಣ. ಪಕ್ಕದ ಮನೆಯ ಅಜ್ಜಿ ತಮ್ಮ ಡ್ರೈವ್‌ವೇ ಬಾಯಿಗೆ ಎರಡು ಬದಿ ದೊಡ್ಡ ಪೀಪಾಯಿಗಳನ್ನಿಟ್ಟು ಅಲಂಕಾರಕ್ಕೆ ಗಿಡ ಹಾಕಿದ್ದರು. ನರ್ಸರಿಯವರು ಅದಕ್ಕೆ 'ಎಲಿಫೆಂಟ್ ಇಯರ್' ಎನ್ನುತ್ತಾರೆ. ವಾಕಿಂಗ್ ಹೋದ ಮಾವ ಅಲ್ಲೇ ನಿಂತುಬಿಟ್ಟರು. ಹೊರಗೆ ಆಷಾಢದ ಜಡಿಮಳೆ ಇಲ್ಲ, ಹಂಡೆಯೊಲೆಯ ಹೊಗೆ ಇಲ್ಲ, ಆದರೆ ಕಣ್ಣೆದುರು ಮೊರದಗಲದ ಕೆಸುವಿನೆಲೆ! ಎಲೆಯ ಬೆನ್ನು ಸವರಿದರು, ತೊಟ್ಟು ಎಲೆಗೆ ಎಲ್ಲಿ ಕೂಡುತ್ತದೆ ನೋಡಿದರು, ಬಾಗಿ ತೂಗುವ ರೀತಿ ನೋಡಿದರು. ಆನೆಕಿವಿ ಎಂದು ಮಾರುವುದರಲ್ಲಿ ತಿನ್ನಬಾರದ ಜಾತಿಗಳೂ ಇವೆ. ಮಾವನ ಪರೀಕ್ಷೆಯಲ್ಲಿ ಇದು ಅಪ್ಪಟ ಕೆಸುವೆಂದು ತೇರ್ಗಡೆಯಾಯಿತು. ಅಷ್ಟರಲ್ಲಿ ಅಜ್ಜಿ ಹೊರಗೆ ಬಂದಿದ್ದರು. ತಮ್ಮ ಗಿಡವನ್ನು ಇಷ್ಟು ಭಕ್ತಿಯಿಂದ ಯಾರೂ ಮೆಚ್ಚಿರಲಿಲ್ಲ ಎಂದು ಅವರಿಗೆ ಖುಷಿ. ಮಾವ ಬಾಯಿಯತ್ತ ಕೈ ತೋರಿಸಿದಾಗ ಆ ಖುಷಿ ಸ್ವಲ್ಪ ಇಳಿಯಿತು. ಮಗಳು ದುಭಾಷಿಯಾಗಿ ಹೋದಳು. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಜಿಂಕೆಯೂ ಮುಟ್ಟೋದಿಲ್ಲ, ಇವರು ತಿಂತಾರಾ?"

ಮಾತು ಸರಿಯೇ. ಕೆಸುವಿನಲ್ಲಿ ಆಕ್ಸಲೇಟಿನ ಸೂಜಿಹರಳುಗಳಿವೆ, ಹಸಿಯಾಗಿ ಕಚ್ಚಿದರೆ ಗಂಟಲು ತುರಿಸಿ ಪ್ರಾಣ ಹೋಗುತ್ತದೆ. ಆದರೆ ಜಿಂಕೆಗೆ ಹುಣಸೆಹಣ್ಣು ಗೊತ್ತಿಲ್ಲ. ಅತ್ತೆ ಅಕ್ಕಿ ನೆನೆಸಿ, ಕೊತ್ತಂಬರಿ ಬೀಜ, ಬ್ಯಾಡಗಿ ಮೆಣಸು, ತೆಂಗಿನತುರಿಯ ಜೊತೆ ಹುಳಿಯನ್ನು ಎರಡು ಪಾಲು ಹೆಚ್ಚಿಗೆ ಹಾಕಿ ರುಬ್ಬಿದರು. ಎಲೆಯ ಬೆನ್ನಿಗೆ ಸವರಿ, ಒಂದರ ಮೇಲೊಂದು ಹಾಸಿ, ಸುರುಳಿ ಸುತ್ತಿ, ಹಬೆಯಲ್ಲಿ ಚೆನ್ನಾಗಿ ಬೇಯಿಸಿ, ಹೋಳು ಮಾಡಿ ಎಣ್ಣೆಯಲ್ಲಿ ಕೆಂಪಗೆ ಹುರಿದರು. ಒಂದು ತಟ್ಟೆ ಅಜ್ಜಿಯ ಮನೆಗೂ ಹೋಯಿತು. ಅಜ್ಜಿ ಮೊದಲು ಮೂಸಿದರು, ಆಮೇಲೆ ಒಂದು ಚೂರು, ಆಮೇಲೆ ತಟ್ಟೆ ಖಾಲಿ. ಅಕ್ಟೋಬರಿನಲ್ಲಿ ಹಿಮ ಬೀಳುವ ಮೊದಲು ಗಡ್ಡೆ ಅಗೆದು ಬೇಸ್‌ಮೆಂಟಿನಲ್ಲಿಡುವಾಗ ಅರ್ಧವನ್ನು ನಮಗೇ ಕೊಟ್ಟರು. ತಮ್ಮ ಪೀಪಾಯಿಯ ಎಲೆಗಳನ್ನು ಉಳಿಸಿಕೊಳ್ಳಲು ಅವರಿಗೆ ಬೇರೆ ದಾರಿ ಇರಲಿಲ್ಲ.

ಇತ್ತ ಎಕ್ಸೆಲ್ ಶೀಟಿನಲ್ಲಿ ಆಗಸ್ಟ್ ಬಿಳಿಚಿಕೊಂಡಿತ್ತು. ದಿನಕ್ಕೊಂದು ಹೂ ಅರಳಿಸಿ ಸಂಜೆಗೆ ಮುದುರಿಸುವ ಡೇಲಿಲಿಗಳು ಮುಗಿದಿದ್ದವು, ಸೆಪ್ಟೆಂಬರಿನ ಆಸ್ಟರ್ ಇನ್ನೂ ಮೊಗ್ಗಾಗಿರಲಿಲ್ಲ. ಟಪಾಲು ಡಬ್ಬಿಯ ಕಂಬದ ಬುಡದಲ್ಲಿ ಮಾವ ಜೂನ್‌ನಲ್ಲೇ ಗುಟ್ಟಾಗಿ ನೆಟ್ಟಿದ್ದ ಹೀರೇಬಳ್ಳಿ ಆಗ ಹೂ ಬಿಟ್ಟಿತು. ಹೀರೇ ಹೂ ಅರಳುವುದು ಸಂಜೆ, ನ್ಯೂಜೆರ್ಸಿಯ ಕಾರುಗಳೆಲ್ಲ ಆಫೀಸಿನಿಂದ ಮರಳುವ ಹೊತ್ತಿಗೆ. ಕ್ರುಂಬಿಗಲ್ ಬದುಕಿದ್ದರೆ ಮೆಚ್ಚುತ್ತಿದ್ದರು ಎಂದು ನಾನು ಹೇಳಿದೆ. ನಮ್ಮವರು ಮಾತಾಡದೆ ಶೀಟಿನಲ್ಲಿ ಒಂದು ಹೊಸ ಸಾಲು ಸೇರಿಸಿದರು. ಟಪಾಲು ಡಬ್ಬಿಯ ತಳ ರಸ್ತೆಯಿಂದ 41ರಿಂದ 45 ಇಂಚು ಎತ್ತರದಲ್ಲಿರಬೇಕು ಎಂದು ಈ ದೇಶದಲ್ಲಿ ನಿಯಮವಿದೆ. ಅದರ ಬಾಯಿಗೆ ಬಳ್ಳಿ ಹಬ್ಬಬಾರದೆಂದು ಎಲ್ಲೂ ಬರೆದಂತಿಲ್ಲ. ಆದರೂ ಟಪಾಲಿನಾಕೆ ಒಂದು ದಿನ ಹಾರ್ನ್ ಹೊಡೆದು ನಿಂತಳು. ಬಳ್ಳಿ ಬಿಡಿಸಿಕೊಟ್ಟ ಮಾವ ಆಕೆಯ ಕೈಗೆ ಎರಡು ಹೀರೇಕಾಯಿ ಇಟ್ಟರು. ಅಲ್ಲಿಂದ ಮುಂದೆ ನಮ್ಮ ಪಾರ್ಸೆಲ್‌ಗಳು ಮನೆ ಬಾಗಿಲಿಗೇ ಬರತೊಡಗಿದವು.

ಆ ಹೂ ನೋಡಲೆಂದೇ ಮಾವ ಸಂಜೆ ಎರಡು ಕುರ್ಚಿ ಒಯ್ದು ಡ್ರೈವ್‌ವೇ ತುದಿಯಲ್ಲಿ ಹಾಕಿಕೊಳ್ಳತೊಡಗಿದರು. ಜಗಲಿಯಿಲ್ಲದ ಮನೆಯಲ್ಲಿ ಇನ್ನೆಲ್ಲಿ ಕೂರಬೇಕು? ಈ ತೋಟಗಳನ್ನು ಕಾರಿನ ಗಾಜಿನೊಳಗಿಂದ ಬಿಟ್ಟು ಬೇರೆ ರೀತಿ ನೋಡಬಹುದೆಂಬುದೇ ನಮಗೆ ಹೊಳೆದಿರಲಿಲ್ಲ. ಆದರೆ ಇಲ್ಲಿ ರಸ್ತೆ ಬದಿಗಿಟ್ಟ ಕುರ್ಚಿಗೆ ಒಂದೇ ಅರ್ಥ: ಬೇಕಾದವರು ಒಯ್ಯಿರಿ. ಟೀ ಎಲ್ಲಿಗೆ ಬಂತೆಂದು ವಿಚಾರಿಸಲು ಮಾವ ನಾಲ್ಕು ಹೆಜ್ಜೆ ಮನೆಯತ್ತ ಬಂದಿದ್ದಾಗ ಒಂದು ಪಿಕಪ್ ಟ್ರಕ್ ನಿಂತಿತು. ಇಳಿದವನು ಒಂದು ಕುರ್ಚಿ ಎತ್ತಿಕೊಂಡ. ಕೂರಲು ಬಂದವನಿರಬೇಕು, ಜಾಗ ಬದಲಿಸುತ್ತಿದ್ದಾನೆ ಎಂದುಕೊಂಡ ಮಾವ ಓಡಿಹೋಗಿ ಇನ್ನೊಂದನ್ನೂ ಎತ್ತಿ ಅವನಿಗೆ ಕೊಟ್ಟರು. ಅವನು ಎರಡನ್ನೂ ಟ್ರಕ್ಕಿಗೆ ಹಾಕಿ, ಮಾವನ ಕೈ ಕುಲುಕಿ, ದೇವರು ನಿಮಗೆ ಒಳ್ಳೆಯದು ಮಾಡಲಿ ಎಂದು ಹೊರಟುಹೋದ. "ಒಳ್ಳೆ ಜನ. ಆದ್ರೆ ಕೂರ್ಲೇ ಇಲ್ವಲ್ಲ!" ಎಂದು ಮಾವ ರಾತ್ರಿ ಊಟದವರೆಗೂ ಆಶ್ಚರ್ಯಪಟ್ಟರು.

ಅಕ್ಟೋಬರಿನಲ್ಲಿ ಅವರು ಹೊರಟರು. ಮೇಪಲ್ ಕೆಂಪಾಗುತ್ತಿತ್ತು, ಎಲೆ ಉದುರತೊಡಗಿತ್ತು. ವಿಮಾನ ನಿಲ್ದಾಣದ ದಾರಿಯಲ್ಲಿ ಮಾವ ಎರಡು ಸಲ ನೆನಪಿಸಿದರು: "ದರಗು ಯಾರಿಗೂ ಕೊಡಬೇಡ ಮಾರಾಯ."

ಶೀಟಿನ ಚಳಿಗಾಲದ ಕಾಲಂ ತುಂಬಲು ಇವರು ಆ ತಿಂಗಳೇ ವಿಂಟರ್‌ಬೆರಿ ತಂದರು. ಎಲೆಯೆಲ್ಲ ಉದುರಿದ ಬೋಳು ಕೊಂಬೆಗಳ ತುಂಬ ಕೆಂಪು ಹಣ್ಣು, ಹಿಮದ ನಡುವೆ ಅದರ ಸೊಗಸು ನೋಡಬೇಕು. ಆದರೆ ಹಣ್ಣು ಬಿಡುವುದು ಹೆಣ್ಣು ಗಿಡ, ಅದಕ್ಕೊಂದು ಗಂಡು ಗಿಡ ಹತ್ತಿರವೇ ಇರಬೇಕು, ಇಬ್ಬರೂ ಒಂದೇ ಹೊತ್ತಿಗೆ ಹೂ ಬಿಡಬೇಕು. ಹಾಗಾಗಿ ನರ್ಸರಿಯವರು ಜಾತಕ ಕೂಡಿಸಿಯೇ ಮಾರುತ್ತಾರೆ: 'ರೆಡ್ ಸ್ಪ್ರೈಟ್' ಎಂಬಾಕೆಗೆ 'ಜಿಮ್ ಡ್ಯಾಂಡಿ', 'ವಿಂಟರ್ ರೆಡ್' ಎಂಬಾಕೆಗೆ 'ಸದರ್ನ್ ಜೆಂಟಲ್‌ಮನ್'. ಅದಲುಬದಲಾದರೆ ಸಂತಾನವಿಲ್ಲ. ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ನಮ್ಮಲ್ಲಿ ಐದು ಸ್ಪ್ರೈಟ್, ಒಬ್ಬ ಜಿಮ್.

ಜನವರಿಯಲ್ಲಿ ಹಿಮ ತೆಗೆಯುವವನು ಡ್ರೈವ್‌ವೇ ಅಂಚಿಗೆ ನೆಟ್ಟಿದ್ದ ಕಿತ್ತಳೆ ಕೋಲುಗಳಷ್ಟೇ ಕಾಣುತ್ತಿದ್ದ ಒಂದು ಬೆಳಿಗ್ಗೆ ಮಾವನ ವೀಡಿಯೊ ಕರೆ ಬಂತು. ತೋಟ ತೋರಿಸಬೇಕಂತೆ. ನಮ್ಮವರು ಮೊಣಕಾಲುದ್ದ ಹಿಮದಲ್ಲಿ ಫೋನು ಹಿಡಿದು ನಡೆದರು, ನಾನು ಹಿಂದೆ.

"ಅದೆಂತದು ಕೆಂಪಗೆ? ತಿಂತಾರಾ?"

"ಹಕ್ಕಿಗಳು ತಿಂತಾವೆ ಮಾವ, ನಾವಲ್ಲ."

"ಆ ಕೊನೇದರಲ್ಲಿ ಒಂದು ಹಣ್ಣೂ ಇಲ್ಲ. ಕಿತ್ತು ಹಾಕು."

"ಅದು ಗಂಡು ಗಿಡ ಅಪ್ಪಯ್ಯ. ಹಣ್ಣು ಬಿಡೋದಿಲ್ಲ. ಆದ್ರೆ ಅದಿಲ್ಲದೆ ಉಳಿದವೂ ಬಿಡೋದಿಲ್ಲ."

ಮಾವ ಸ್ವಲ್ಪ ಹೊತ್ತು ಯೋಚಿಸಿದರು. "ಹಾಗಾದ್ರೆ ಅದಕ್ಕೆ ಎಂತ ಕೆಲಸ ವರ್ಷವಿಡೀ?"

ಪರದೆಯ ಹೊರಗಿಂದ ಅತ್ತೆಯ ದನಿ ಬಂತು: "ನಿಂತಲ್ಲಿಗೇ ಟೀ ತಂದುಕೊಡೋಕೆ ಯಾರಾದ್ರೂ ಇದ್ದಾರಾ ಕೇಳಿ ಅದಕ್ಕೆ."